ಜೇಡಿಗುಂಡಿಯ ಕಡತ ಮತ್ತು ಮೂವರು ಸಿಸ್ಟಂ ಪಂಡಿತರು

ಯಾವುದೋ ಒಂದು ನಾಡಿನಲ್ಲಿ ಕಾಳಿಂಗರಾಯನೆಂಬ ಅರಸನಿದ್ದ. ಅವನಿಗೆ ಕುದುರೆ ಲಾಯವಿತ್ತು, ಆಯುಧಶಾಲೆಯಿತ್ತು, ಒಂದು ಕಂಪ್ಯೂಟರ್ ಕೋಣೆಯೂ ಇತ್ತು. ಅರಸರ ಕಾಲದಲ್ಲಿ ಕಂಪ್ಯೂಟರ್ ಎಲ್ಲಿತ್ತು ಎಂದು ಕೇಳಬೇಡಿ. ನರಿ ಮಾತಾಡಿದಾಗ ನೀವು ಸುಮ್ಮನೆ ಕೂತು ಕೇಳಿದವರು. ಇದನ್ನೂ ಕೇಳಿ.

ನಾಡಿನ ನೆಲದ ದಾಖಲೆಯೆಲ್ಲ ಆ ಕೋಣೆಯಲ್ಲಿತ್ತು. ಹೊಲ ಯಾರದು, ಬಾವಿ ಯಾರದು, ಹುಣಸೆ ಮರ ಯಾರದು, ಎಲ್ಲ. ಕೋಣೆಯ ಬೀಗದ ಕೈ ಭೋಗಣ್ಣನ ಸೊಂಟದಲ್ಲಿತ್ತು. ಭೋಗಣ್ಣ ದಫ್ತರದ ಅಧಿಕಾರಿ. ಮೆಲುದನಿಯ ಮನುಷ್ಯ. ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ನಾಳೆ ಎನ್ನುತ್ತಿದ್ದ.

ಊರ ಕೆರೆಯ ಮೂಡಣ ದಡದಲ್ಲಿ ಒಂದು ಜೇಡಿಗುಂಡಿ. ಕುಂಬಾರ ಕೇರಿಯ ಹದಿನೇಳು ಮನೆಯವರು ಅಜ್ಜನ ಅಜ್ಜನ ಕಾಲದಿಂದ ಅಲ್ಲಿಂದಲೇ ಮಣ್ಣು ತರುತ್ತಿದ್ದರು. ಆ ಗುಂಡಿಯ ಮೇಲೆ ಭೋಗಣ್ಣನ ಕಣ್ಣು ಬಿತ್ತು. ಅಲ್ಲಿ ಇಟ್ಟಿಗೆ ಗೂಡು ಹಾಕಬೇಕೆಂದು ಅವನ ಭಾವಮೈದ ಪೀಡಿಸುತ್ತಿದ್ದ.

ಆ ನಾಡಿನಲ್ಲಿ ಒಂದು ಕಾನೂನಿತ್ತು. ತಕರಾರು ಬಂದ ನೆಲಕ್ಕೆ ಮಹಾನವಮಿಯೊಳಗೆ ದಾಖಲೆ ತೋರಿಸಬೇಕು. ತೋರಿಸದಿದ್ದರೆ ಅದು ಬೀಳು ನೆಲ, ತಕರಾರು ಹಾಕಿದವನಿಗೆ ಹೋಗುತ್ತದೆ. ಅಲ್ಲಿಯವರೆಗೆ ಯಾರೂ ಒಂದು ಬುಟ್ಟಿ ಮಣ್ಣನ್ನೂ ಎತ್ತುವಂತಿಲ್ಲ. ಭೋಗಣ್ಣ ಭಾವಮೈದನಿಂದ ತಕರಾರು ಹಾಕಿಸಿದ. ಆಮೇಲೆ ದಾಖಲೆಯ ಕೋಣೆಗೆ ಬೀಗ ಹಾಕಿದ.

ಬೀಗಕ್ಕೊಂದು ಕಾರಣ ಬೇಕಲ್ಲ. ಅರಸನ ಬಳಿ ಹೋದ.

"ಪ್ರಭು, ನಮ್ಮ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಹಳತಾಗಿದೆ. ಹೊಸದು ಹಾಕಿಸಬೇಕು. ಯಾವುದು ಮೇಲು ಅಂತ ಪಂಡಿತರು ವಾದ ಮಾಡಿ ಹೇಳಲಿ. ಅಲ್ಲಿಯವರೆಗೆ ಯಾರೂ ಮುಟ್ಟದಿರೋದು ಕ್ಷೇಮ."

ಆಪರೇಟಿಂಗ್ ಸಿಸ್ಟಂ ಎಂದರೆ ಕಂಪ್ಯೂಟರಿಗೆ ಮನೆಯೊಡತಿ ಇದ್ದ ಹಾಗೆ. ಯಾವ ಡಬ್ಬಿ ಎಲ್ಲಿದೆ ಎಂದು ಅವಳಿಗೇ ಗೊತ್ತು. ಅವಳಿಲ್ಲದೆ ಒಲೆ ಹತ್ತುವುದಿಲ್ಲ. ಅರಸನಿಗೆ ಇಷ್ಟೂ ತಿಳಿದಿರಲಿಲ್ಲ. ಆದರೆ ವಾದವೆಂದರೆ ಅವನಿಗೆ ಇಷ್ಟ. ಯುದ್ಧದ ಹಾಗಲ್ಲ, ಕೂತಲ್ಲೇ ನೋಡಬಹುದು. ಆಗಲಿ ಎಂದ.

ಮೂವರು ಪಂಡಿತರು ಬಂದರು. ಒಬ್ಬನದು ಆನೆ ಎಂಬ ಸಿಸ್ಟಂ. ಇನ್ನೊಬ್ಬನದು ಹಂಸ. ಮತ್ತೊಬ್ಬನದು ಇರುವೆ. ಒಬ್ಬೊಬ್ಬನೂ ತನ್ನ ತನ್ನ ಕಂಪ್ಯೂಟರ್ ಹೊತ್ತು ತಂದು ಸಭೆಯಲ್ಲಿ ಇಟ್ಟುಕೊಂಡ.

"ಹತ್ತು ಮನೆ ಹೊಕ್ಕು ನೋಡಿ. ಒಂಬತ್ತರಲ್ಲಿ ಆನೆಯೇ ಇದೆ," ಎಂದ ಆನೆ ಪಂಡಿತ.

"ಒಂಬತ್ತು ಮನೆಯಲ್ಲಿ ನೆಗಡಿಯೂ ಇದೆ," ಎಂದ ಹಂಸ ಪಂಡಿತ. "ನಮ್ಮ ಹಂಸದ ಅಂದ ನೋಡಿ. ಮುಟ್ಟಿದರೆ ಬೆಣ್ಣೆ."

"ಮುಟ್ಟಬಹುದು ಅಷ್ಟೇ. ಕೆಟ್ಟರೆ ಬಿಚ್ಚಿ ನೋಡೋ ಹಾಗಿಲ್ಲ," ಎಂದ ಇರುವೆ ಪಂಡಿತ. "ನಮ್ಮದು ಪುಕ್ಕಟೆ. ಬಿಚ್ಚಿ, ಕಟ್ಟಿ, ಬೇಕಾದ ಹಾಗೆ ಮಾಡಿಕೊಳ್ಳಿ."

"ಪುಕ್ಕಟೆ, ಸರಿ," ಎಂದ ಆನೆ ಪಂಡಿತ. "ಪ್ರಿಂಟರ್ ಓಡಿಸೋಕೆ ನಿನಗೆ ಎಷ್ಟು ದಿನ ಹಿಡೀತು?"

"ಆ ಪ್ರಿಂಟರೇ ಸರಿ ಇರಲಿಲ್ಲ."

ಆಷಾಢದಲ್ಲಿ ಶುರುವಾದ ವಾದ. ಮೊದಲ ತಿಂಗಳು ಯಾವುದು ಬೇಗ ಏಳುತ್ತದೆ ಎಂಬುದರ ಮೇಲೆ ನಡೆಯಿತು. ಎರಡನೆಯ ತಿಂಗಳು ಯಾವುದು ಚೆಂದ ಎಂಬುದರ ಮೇಲೆ. ಮೂರನೆಯ ತಿಂಗಳು ಯಾರು ಯಾರನ್ನು ನೋಡಿ ಕದ್ದರು ಎಂಬುದರ ಮೇಲೆ. ವಾದ ತಣ್ಣಗಾಗುವಂತೆ ಕಂಡಾಗಲೆಲ್ಲ ಭೋಗಣ್ಣ ಎದ್ದು, "ಹಾಗಾದರೆ ವೈರಸ್ಸಿನ ವಿಚಾರ?" ಎಂದು ಕೇಳಿ ಕೂರುತ್ತಿದ್ದ. ಮತ್ತೆ ಹತ್ತು ದಿನ.

ಕುಂಬಾರ ಕೇರಿಯಲ್ಲಿ ತಿಗರಿ ನಿಂತಿತು. ಮಡಕೆ ಸುಡುವ ಆವಿಗೆ ತಣ್ಣಗಾಯಿತು. ದೀಪಾವಳಿಯ ಹಣತೆಗೂ ಮಣ್ಣಿಲ್ಲ. ಆ ಕೇರಿಯ ದ್ಯಾವಮ್ಮ ಎಂಬವಳು ಸಭೆಯಲ್ಲಿ ನೀರು ಕೊಡುವ ಕೆಲಸಕ್ಕೆ ಸೇರಿಕೊಂಡಳು. ಮೂವರು ಪಂಡಿತರಿಗೆ ದಿನಕ್ಕೆ ಆರು ಹೂಜಿ ನೀರು ಬೇಕಾಗುತ್ತಿತ್ತು.

ಅವಳು ಮೊದಲು ಭೋಗಣ್ಣನನ್ನು ಕೇಳಿದಳು. "ಬುದ್ಧಿ, ನಮ್ಮ ಗುಂಡಿಯ ಕಡತ ಒಂದಿಷ್ಟು ತೆಗೆದು ತೋರಿಸಿ."

"ತೋರಿಸಬಾರದು ಅಂತಲ್ಲ ದ್ಯಾವಮ್ಮ. ವಾದ ಮುಗೀಲಿ."

ಆಮೇಲೆ ಅರಸನನ್ನು ಕೇಳಿದಳು. ಅರಸ, "ತಡಿಯವ್ವ, ಈಗ ಹಂಸದವನು ಒಳ್ಳೆ ಮಾತು ಹೇಳ್ತಿದ್ದಾನೆ," ಎಂದ.

ಕೊನೆಗೆ ಪಂಡಿತರನ್ನು ಕೇಳಿದಳು. ಒಬ್ಬ ಆನೆಯ ಬಲ ಹೇಳಿದ. ಒಬ್ಬ ಹಂಸದ ನಡಿಗೆ ಹೇಳಿದ. ಇರುವೆ ಪಂಡಿತ, "ನೀನೇ ಕಲಿತುಕೋ ತಾಯಿ, ಆರು ತಿಂಗಳು ಸಾಕು," ಎಂದ. ಮಹಾನವಮಿಗೆ ಆರು ದಿನ ಉಳಿದಿತ್ತು.

ದ್ಯಾವಮ್ಮ ಮೂರು ತಿಂಗಳು ನೀರು ಕೊಡುತ್ತ ಬೇಕಾದ್ದಕ್ಕಿಂತ ಹೆಚ್ಚು ಕೇಳಿದ್ದಳು. ಸಿಸ್ಟಂ ಬಗ್ಗೆ ಅಷ್ಟಿಷ್ಟು ತಿಳಿಯಿತು. ಪಂಡಿತರ ಬಗ್ಗೆ ಪೂರ್ತಿ ತಿಳಿಯಿತು. ನಮ್ಮ ಕೆಲಸ ಮಾಡಿಕೊಡಿ ಎಂದರೆ ಅವರಿಗೆ ಕಿವಿ ಕೇಳುವುದಿಲ್ಲ. ನಿಮ್ಮ ಕೈಲಾಗದಂತೆ ಎಂದರೆ ಚೆನ್ನಾಗಿ ಕೇಳುತ್ತದೆ.

ಮರುದಿನ ಆನೆ ಪಂಡಿತನಿಗೆ ನೀರು ಬಗ್ಗಿಸುತ್ತ, "ಸ್ವಾಮಿ, ನಮ್ಮ ಜೇಡಿಗುಂಡಿಯ ಕಡತ ಬಹಳ ಹಳೇದಂತೆ. ನಿಮ್ಮದರಲ್ಲಿ ತೆರೆಯೋದಿಲ್ಲವಂತೆ?" ಎಂದಳು.

"ಯಾರು ಹೇಳಿದ್ದು?"

ದ್ಯಾವಮ್ಮ ಹಂಸ ಪಂಡಿತನ ಕಡೆ ನೋಡಿ ತಲೆ ತಗ್ಗಿಸಿದಳು. ಹೆಸರು ಹೇಳಲಿಲ್ಲ.

ಹಂಸ ಪಂಡಿತನಿಗೆ ನೀರು ಕೊಡುವಾಗ ಅದೇ ಮಾತು. "ಯಾರು ಹೇಳಿದ್ದು?" ದ್ಯಾವಮ್ಮ ಇರುವೆ ಪಂಡಿತನ ಕಡೆ ನೋಡಿದಳು.

ಇರುವೆ ಪಂಡಿತನಿಗೂ ಅದೇ ಮಾತು. ಅವನು ಯಾರು ಹೇಳಿದ್ದೆಂದು ಕೇಳಲಿಲ್ಲ. "ಆನೆಯವನೇ ಇರಬೇಕು," ಎಂದು ಲೋಟ ಕುಕ್ಕಿದ.

ಸಭೆ ಸೇರಿದ್ದೇ ತಡ, ಮೂವರೂ ಎದ್ದರು. ಜೇಡಿಗುಂಡಿಯ ಕಡತ ಈಗಲೇ ಬರಬೇಕು, ಎಲ್ಲರೆದುರು ತೆರೆಯಬೇಕು ಎಂದರು. ಅದೇನು ಗುಂಡಿ ಎಂದು ಮೂವರಿಗೂ ಗೊತ್ತಿರಲಿಲ್ಲ. ಅರಸನಿಗೂ ಹುರುಪು ಬಂತು. ಮೂರು ತಿಂಗಳಲ್ಲಿ ಮೊದಲ ಸಲ ನೋಡಲು ಏನೋ ಒಂದು ಸಿಕ್ಕಿತ್ತು.

ಭೋಗಣ್ಣ ಬೇಡವೆನ್ನುತ್ತಾನೆಂದು ದ್ಯಾವಮ್ಮ ಕಾದಳು. ಅವನು ಬೇಡವೆನ್ನಲಿಲ್ಲ. ನಗುನಗುತ್ತ ಕೋಣೆಗೆ ಹೋದ, ಕಡತವನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಬಂದ.

ಆನೆಯಲ್ಲಿ ಕಡತ ತೆರೆಯಿತು. ನಡುವೆ ಒಮ್ಮೆ 'ದಯವಿಟ್ಟು ಕಾಯಿರಿ' ಎಂದು ಬಂದದ್ದನ್ನು ಪಂಡಿತ ಅಂಗೈಯಿಂದ ಮುಚ್ಚಿಕೊಂಡ. ಹಂಸದಲ್ಲಿ ತೆರೆಯಿತು. ಇರುವೆಯಲ್ಲಿ ತೆರೆಯಿತು. ಅರಸ ಮೂರನ್ನೂ ಗಟ್ಟಿಯಾಗಿ ಓದಿದ. ಮೂರರಲ್ಲೂ ಅದೇ ಪುಟ, ಅದೇ ಅಕ್ಷರ:

"ಕೆರೆಯ ಮೂಡಣ ದಡದ ಜೇಡಿಗುಂಡಿ. ಬೀಳು ನೆಲ. ಯಾರಿಗೂ ಸೇರಿದ್ದಲ್ಲ."

"ಪಾಪ," ಎಂದ ಭೋಗಣ್ಣ. "ಏನೋ ಆಸೆ ಇಟ್ಟುಕೊಂಡಿದ್ದರು ಕುಂಬಾರರು."

ದ್ಯಾವಮ್ಮ ಹೂಜಿ ಕೆಳಗಿಟ್ಟಳು. ಅವಳಿಗೆ ಓದು ಬಾರದು. ಆದರೆ ಆ ಕಡತದಲ್ಲಿ ಏನಿತ್ತೆಂದು ಅವಳಿಗೆ ಗೊತ್ತು. ಹಿಂದಿನ ವರ್ಷ ದಫ್ತರದ ಗುಮಾಸ್ತನೇ ಓದಿ ಹೇಳಿದ್ದ. ಅಂದಮೇಲೆ ಯಾರೋ ತಿದ್ದಿದ್ದಾರೆ. ತಿದ್ದಿದ್ದಾರೆ ಎಂದು ಅವಳು ಕೂಗಿದರೆ ಭೋಗಣ್ಣ ನಾಳೆ ವಿಚಾರಿಸೋಣ ಎನ್ನುತ್ತಾನೆ. ಅವಳು ಕೂಗಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, ತನ್ನಷ್ಟಕ್ಕೆ ಅನ್ನುವ ಹಾಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಅಂದಳು:

"ಇಷ್ಟೇನಾ? ಹಾಗಾದರೆ ಮೂರೂ ಒಂದೇ ಬಿಡಿ."

ಮೂರು ತಿಂಗಳು ಪಂಡಿತರು ಒಬ್ಬರನ್ನೊಬ್ಬರು ಕಳ್ಳ ಎಂದಿದ್ದರು, ಮೂಢ ಎಂದಿದ್ದರು. ಅದನ್ನೆಲ್ಲ ಸಹಿಸಿಕೊಂಡಿದ್ದರು. ಇದನ್ನು ಸಹಿಸಲಾಗಲಿಲ್ಲ.

"ಒಂದೇ ಅಂತೆ! ನಮ್ಮ ಆನೆಯಲ್ಲಿ ಅಕ್ಷರ ಎಷ್ಟು ದಪ್ಪ ಮಾಡಬಹುದು ನೋಡು," ಎಂದು ಆನೆ ಪಂಡಿತ ದಪ್ಪ ಮಾಡಿದ. ಸುಳ್ಳು ಇನ್ನೂ ದೊಡ್ಡದಾಗಿ ಕಂಡಿತು.

"ಹಂಸದಲ್ಲಿ ಬಣ್ಣ ನೋಡು," ಎಂದು ಹಂಸ ಪಂಡಿತ ಅದನ್ನೇ ನೀಲಿ ಮಾಡಿ ತೋರಿಸಿದ.

"ದಪ್ಪವಂತೆ, ಬಣ್ಣವಂತೆ," ಎಂದ ಇರುವೆ ಪಂಡಿತ. "ಇದು ಗೋಡೆಗೆ ಹಚ್ಚೋ ಭಿತ್ತಿಪತ್ರವೇ? ಪ್ರಭು, ಇಲ್ಲಿ ನೋಡಿ. ಈ ಕಡತದಲ್ಲಿ ಮೊದಲು ಏನು ಬರೆದಿತ್ತು, ಯಾರು ಅಳಿಸಿದರು, ಯಾವ ದಿನ ಅಳಿಸಿದರು, ಎಲ್ಲ ನಮ್ಮ ಇರುವೆ ಹೊರಗೆ ಎಳೆದು ಹಾಕುತ್ತೆ." ಟಕಟಕ ಕೀಲಿ ಒತ್ತಿದ. ಪರದೆಯ ಮೇಲೆ ಎರಡು ಸಾಲು ಬಂತು. ಅವನು ಹೆಮ್ಮೆಯಿಂದ ಗಟ್ಟಿಯಾಗಿ ಓದಿದ:

"ಮೊದಲು ಇದ್ದದ್ದು: ಕುಂಬಾರ ಕೇರಿಯ ಹದಿನೇಳು ಮನೆಗೆ ಸೇರಿದ್ದು. ತಿದ್ದಿದವರು: ಭೋಗಣ್ಣ, ಗೌರಿ ಹಬ್ಬದ ದಿನ."

ಓದಿದ್ದರ ಅರ್ಥ ಅವನ ತಲೆಗೆ ಇನ್ನೂ ಹೋಗಿರಲಿಲ್ಲ. ಉಳಿದಿಬ್ಬರು ಅಷ್ಟರಲ್ಲಿ ಜಿಗಿದೆದ್ದಿದ್ದರು.

"ಅದೇನು ಮಹಾ! ನಮ್ಮ ಆನೆಯಲ್ಲೂ ಬರುತ್ತೆ!" ಬಂತು. ಭೋಗಣ್ಣ, ಗೌರಿ ಹಬ್ಬದ ದಿನ.

"ಹಂಸದಲ್ಲಿ ಗಳಿಗೆ ಸಮೇತ ಬರುತ್ತೆ!" ಬಂತು. ಭೋಗಣ್ಣ, ಗೌರಿ ಹಬ್ಬದ ದಿನ, ಹನ್ನೊಂದೂಕಾಲಿಗೆ.

ಅರಸ ನಿಧಾನವಾಗಿ ತಿರುಗಿದ. ಅವನು ದಡ್ಡನಲ್ಲ, ಸೋಮಾರಿ ಅಷ್ಟೇ. "ಭೋಗಣ್ಣ, ಗೌರಿ ಹಬ್ಬದ ದಿನ ಕೋಣೆಗೆ ಬೀಗ ಇತ್ತಲ್ಲವೇ? ಯಾರೂ ಮುಟ್ಟಬಾರದು ಅಂದವನು ನೀನೇ ಅಲ್ಲವೇ?"

ಭೋಗಣ್ಣನ ಮೆಲುದನಿ ಇನ್ನೂ ಮೆಲ್ಲಗಾಯಿತು. "ಪ್ರಭು... ಸಿಸ್ಟಂ ಹಳತು ಅಂತ ನಾನು ಮೊದಲೇ ಹೇಳಿದ್ದೆ. ಈ ಸಿಸ್ಟಂಗಳು ಒಮ್ಮೊಮ್ಮೆ ಇಲ್ಲದ್ದನ್ನು ತೋರಿಸುತ್ತವೆ."

"ನಮ್ಮ ಸಿಸ್ಟಂ ಹಾಗೆ ಮಾಡುವುದಿಲ್ಲ!" ಎಂದರು ಮೂವರೂ ಒಟ್ಟಿಗೆ.

ಮೂರು ತಿಂಗಳ ವಾದದಲ್ಲಿ ಮೂವರೂ ಒಪ್ಪಿದ್ದು ಇದೊಂದೇ ಮಾತು. ಇಷ್ಟು ಗಟ್ಟಿಯಾದ ಮೂರು ಸಾಕ್ಷಿ ಯಾವ ಚಾವಡಿಯಲ್ಲೂ ಸಿಗುವುದಿಲ್ಲ. ಅವರು ಸತ್ಯಕ್ಕಾಗಿ ಹೇಳಿದರೆಂದು ತಿಳಿಯಬೇಡಿ. ಆದರೂ ಹೇಳಿದ್ದು ಸತ್ಯವೇ ಆಗಿತ್ತು.

ಅರಸ ಜೇಡಿಗುಂಡಿಯನ್ನು ಕುಂಬಾರ ಕೇರಿಯ ಹೆಸರಿಗೇ ಮರಳಿ ಬರೆಸಿದ. ಭೋಗಣ್ಣನ ಅಧಿಕಾರ ಹೋಯಿತು. ಮೂರು ವರ್ಷ ಆ ಕೇರಿಯಲ್ಲಿ ಮಣ್ಣು ತುಳಿಯುವ ಶಿಕ್ಷೆಯಾಯಿತು. ಮೊದಲ ದಿನ ಅವನು ನಾಳೆ ಬರುತ್ತೇನೆ ಎಂದನಂತೆ. ಕುಂಬಾರರು ಒಪ್ಪಲಿಲ್ಲ.

ಆಮೇಲೆ ಅರಸ ದ್ಯಾವಮ್ಮನನ್ನು ಕೇಳಿದ: "ನೀನೇ ಹೇಳವ್ವ. ದಫ್ತರಕ್ಕೆ ಯಾವ ಸಿಸ್ಟಂ ಹಾಕಿಸಲಿ?"

ಮೂವರು ಪಂಡಿತರೂ ಕುರ್ಚಿಯ ತುದಿಗೆ ಬಂದರು.

"ಯಾವುದಾದರೂ ಹಾಕಿಸಿ ಪ್ರಭು," ಎಂದಳು ದ್ಯಾವಮ್ಮ. "ನಮ್ಮ ಕಾಗದ ನಾವು ಕೇಳಿದ ದಿನ ನಮ್ಮ ಕಣ್ಣಿಗೆ ಬಿದ್ದರೆ ಸಾಕು."

ಪಂಡಿತರಿಗೆ ಬಹಳ ನಿರಾಸೆಯಾಯಿತು. ಅರಮನೆಯ ಮೆಟ್ಟಿಲಿಳಿಯುವಾಗಲೇ ಮತ್ತೆ ಶುರುಮಾಡಿದರು. ಈಗಲೂ ಎಲ್ಲೋ ಮಾಡುತ್ತಿರಬಹುದು.

ನೀತಿ ಇಷ್ಟೇ, ನೆನಪಿಡಿ. ಯಾವ ಯಂತ್ರ ಮೇಲು ಎಂದು ಜನ ಕಚ್ಚಾಡುತ್ತಿರುವಾಗ ಯಂತ್ರವನ್ನು ನೋಡಬೇಡಿ. ಆ ಕಚ್ಚಾಟ ಮುಗಿಯದಿದ್ದರೆ ಯಾರಿಗೆ ಲಾಭವೋ ಅವನನ್ನು ನೋಡಿ. ಅವನು ಸಾಮಾನ್ಯವಾಗಿ ವಾದ ಮಾಡುತ್ತಿರುವುದಿಲ್ಲ.