ಒಸಿ ಪರೇಶಾನು

ಹೊನ್ನೇಪಟ್ಟಣದ ದೊರೆ ವೀರಚೆನ್ನನಾಯಕರಿಗೆ ಇಂಗ್ಲಿಷಿನ ಹುಚ್ಚು ಹತ್ತಿದ ವರ್ಷ, ಭುಜಂಗರಾಯರೆಂಬ ಮೇಷ್ಟ್ರು ಆಸ್ಥಾನಕ್ಕೆ ಬಂದು ವಕ್ಕರಿಸಿದರು. ಮದರಾಸಿನಲ್ಲಿ ಎರಡು ವರ್ಷ ಓದಿದ್ದರಂತೆ. ಅಷ್ಟಕ್ಕೇ ಮನುಷ್ಯನ ಕಾಲು ನೆಲದ ಮೇಲಿರಲಿಲ್ಲ. ಕಂಡವರನ್ನೆಲ್ಲ ತಡೆದು "ಈ ಪದದ ಅರ್ಥ ಗೊತ್ತೇನಯ್ಯಾ?" ಅನ್ನುವುದು, ಗೊತ್ತಿಲ್ಲವೆಂದರೆ ಮೂಗು ಮುರಿಯುವುದು, ಇಷ್ಟೇ ಅವರ ಪಾಂಡಿತ್ಯ.

ಒಂದು ಬೆಳಿಗ್ಗೆ ದೊರೆ ಸಭೆಗೆ ಬಂದರು. ಪರಾಕು ಹೇಳುವ ಮುದುಕ ಮಾದಯ್ಯ ಬೆಳ್ಳಿಕೋಲು ಎತ್ತಿ, ವಾಡಿಕೆಯಂತೆ "ಬಹುಪರಾಕ್" ಎಂದು ಕೂಗಿದ. ಮೇಷ್ಟ್ರು ಎರಡೂ ಕಿವಿ ಮುಚ್ಚಿಕೊಂಡರು.

"ಮಹಾಸ್ವಾಮಿ, ಇದಕ್ಕೆ ಇಂಗ್ಲಿಷಿನಲ್ಲಿ ವೊಸಿಫರೇಷನ್ ಅನ್ನುತ್ತಾರೆ. ಮರ್ಯಾದಸ್ಥರ ಸಭೆಯಲ್ಲಿ ಇದು ಇರಕೂಡದು. ಇವನನ್ನು ಇವತ್ತೇ ಮನೆಗೆ ಕಳಿಸಿ."

ಮಾದಯ್ಯ ಬೆಳ್ಳಿಕೋಲನ್ನು ಎದೆಗೆ ಅವಚಿಕೊಂಡ. ಮೂವತ್ತು ವರ್ಷದಿಂದ ಕೂಗುವುದೊಂದೇ ಅವನಿಗೆ ಗೊತ್ತಿದ್ದ ಕೆಲಸ. "ಬುದ್ಧೀ, ಈ ಕೋಲು ಬಿಟ್ಟರೆ ನನಗೆ ಅನ್ನವಿಲ್ಲ" ಅಂದ.

ದೊರೆ ತಲೆ ಕೆರೆದುಕೊಂಡರು. "ಆ ಪದಕ್ಕೆ ಅರ್ಥವೇನು ಮೇಷ್ಟ್ರೇ?"

"ಈ ಆಸ್ಥಾನದಲ್ಲಿ ಯಾರಾದರೂ ಹೇಳಲಿ ನೋಡೋಣ. ಅರ್ಥವನ್ನೂ ಹೇಳಬೇಕು, ಹುಟ್ಟಿದ್ದು ಎಲ್ಲಿಂದ ಅಂತಲೂ ಹೇಳಬೇಕು. ಹೇಳಿದರೆ ಮುದುಕ ಇರಲಿ. ಇಲ್ಲವಾದರೆ ಕೋಲು ಇಟ್ಟು ನಡೆಯಲಿ."

ಹುಚ್ಚು ಹತ್ತಿದ ದೊರೆ ಅದಕ್ಕೂ ಹೂಂ ಅಂದುಬಿಟ್ಟರು.

ಆಗ ಎದ್ದವನು ಆಸ್ಥಾನದ ವಿದೂಷಕ ಬೊಮ್ಮರಸ. ಅವನಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಆದರೆ ಮೇಷ್ಟ್ರ ನಾಡಿ ಚೆನ್ನಾಗಿ ಗೊತ್ತಿತ್ತು. ಇಂಗ್ಲಿಷ್ ಪದದ ಒಂದಕ್ಷರ ಜಾರಿದರೂ ಅವರ ಪಿತ್ತ ನೆತ್ತಿಗೇರುತ್ತಿತ್ತು.

"ಇದೇನು ಮಹಾ, ಸ್ವಾಮಿ. ಒಸಿ ಪರೇಶಾನು ತಾನೆ? ಒಸಿ ಅಂದರೆ ಸ್ವಲ್ಪ, ನಮ್ಮ ಹಳ್ಳಿಯವರ ಮಾತು. ಪರೇಶಾನು ಅಂದರೆ ಗೋಳು, ನಮ್ಮ ಲಾಯದ ಖಾನ್ ಸಾಹೇಬರ ಮಾತು. ಎರಡೂ ಸೇರಿದರೆ ಸ್ವಲ್ಪ ಗೋಳು. ಹುಟ್ಟಿದ್ದು ಇಲ್ಲೇ, ಲಾಯದ ಹಿಂದೆ."

ಸಭೆ ಕಿಸಕ್ಕನೆ ನಕ್ಕಿತು. ಮೇಷ್ಟ್ರ ಮೂಗಿನ ತುದಿ ಕೆಂಪಾಯಿತು.

"ಒಸಿ ಅಲ್ಲವಯ್ಯಾ, ವೊಸಿ. ಅದು ಲ್ಯಾಟಿನ್ನು. ವೋಕ್ಸ್ ಅಂತ ಒಂದು, ಫೆರ್ರೆ ಅಂತ ಒಂದು. ಫೆರ್ರೆ ಅಂದರೆ ಹೊರುವುದು."

"ಕೋಸು ಹೊರುವುದೇ?"

"ವೋಕ್ಸ್."

"ಅದೇ ರಾಯರೇ. ಎಲೆಕೋಸೋ, ಹೂಕೋಸೋ?"

"ವೋಕ್ಸ್, ವೋಕ್ಸ್."

"ಸರಿ, ಹೂಕೋಸೇ ಇರಲಿ. ಮೂಟೆಗಟ್ಟಲೆ ಹೂಕೋಸು ಹೊತ್ತರೆ ಯಾರಿಗಾದರೂ ಒಸಿ ಪರೇಶಾನೇ. ನಾನು ಹೇಳಿದ್ದೂ ಅದೇ."

ಮೇಷ್ಟ್ರು ನೆಗೆದು ನಿಂತರು. ರುಮಾಲು ಕೆಳಗೆ ಬಿತ್ತು. "ಮುಠ್ಠಾಳ! ವೋಕ್ಸ್ ಅಂದರೆ ಧ್ವನಿ ಕಣೋ, ಧ್ವನಿ! ಧ್ವನಿ ಹೊರುವುದು! ಗಂಟಲು ಹರಿಯುವ ಹಾಗೆ ಅರಚುವುದು!"

ತೊಲೆಯ ಮೇಲಿನ ಪಾರಿವಾಳಗಳೆಲ್ಲ ಎದ್ದು ಹಾರಿದವು. ಕೋಟೆಬಾಗಿಲಿನ ಕಾವಲಿನವರಿಬ್ಬರು ಈಟಿ ಹಿಡಿದು ಒಳಗೆ ಓಡಿಬಂದರು. "ಬುದ್ಧೀ, ಯಾರನ್ನು ಕಡಿಯುತ್ತಿದ್ದಾರೆ?"

ಬೊಮ್ಮರಸ ಕೈಮುಗಿದ. "ಅರ್ಥ ಇದೇ ಮಹಾಸ್ವಾಮಿ. ನಾನು ಬಾಯಲ್ಲಿ ಹೇಳಿದ್ದರೆ ತಮಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಅದಕ್ಕೇ ಮೇಷ್ಟ್ರ ಕೈಯಲ್ಲೇ ಮಾಡಿಸಿ ತೋರಿಸಿದೆ. ಮೂವತ್ತು ವರ್ಷ ಮಾದಯ್ಯ ಕೂಗಿದ್ದಾನೆ, ಒಂದು ದಿನವೂ ಯಾರೂ ಈಟಿ ಹಿಡಿದು ಬಂದಿಲ್ಲ."

ಮೇಷ್ಟ್ರಿಗೆ ಸ್ವರ ಕಟ್ಟಿಹೋಗಿತ್ತು. ಆದರೂ ಜಂಬ ಬಿಡಬೇಕಲ್ಲ. "ಅರ್ಥವೇನೋ ಆಯಿತು, ಹುಟ್ಟಿದ್ದು ಎಲ್ಲಿಂದ? ಅದನ್ನು ಹೇಳಲಿ."

"ಈಗತಾನೆ ಸಭೆಯೆಲ್ಲ ಕಣ್ಣಾರೆ ನೋಡಿತಲ್ಲ ರಾಯರೇ. ನಿಮ್ಮ ಗಂಟಲಿಂದ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ, "ಮಾದಯ್ಯ, ಕೋಲು ನಿನ್ನದೇ" ಅಂದರು. ಆಮೇಲೆ ಭುಜಂಗರಾಯರ ಕಡೆ ತಿರುಗಿದರು.

"ಮೇಷ್ಟ್ರೇ, ಇನ್ನೊಂದು ಸಲ ಸಭೆಯಲ್ಲಿ ಕೂಗಬೇಕು ಅನ್ನಿಸಿದರೆ, ಮೊದಲು ಮಾದಯ್ಯನ ಹತ್ತಿರ ಕಲಿತುಕೊಂಡು ಬನ್ನಿ."