ಮೊದಲ ನನ್ನ ನೋಡ್ರಿ

ಮಲಪ್ರಭೆಯ ದಂಡೆಯ ಆ ಪುಟ್ಟ ಮಠಕ್ಕೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಪೂಜ್ಯ ಗುರುಸಿದ್ಧಮ್ಮ ತಾಯಿಯವರು ಬೆಳಗಿನ ಲಿಂಗಪೂಜೆ ಮುಗಿಸಿ, ಪಡಸಾಲೆಯಲ್ಲಿ ಕುಳಿತು ದಾಸೋಹದ ಜೋಳವನ್ನು ತಾವೇ ಹಸನು ಮಾಡುತ್ತಿದ್ದರು. ದರ್ಶನಕ್ಕೆ ಬಂದ ಹೆಣ್ಣುಮಕ್ಕಳ ಕೈಗೂ ಒಂದೊಂದು ಮೊರ ಕೊಡುತ್ತಿದ್ದರು. ಎಂಥ ದಿನಗಳವು! ಜೋಳ ಕೇರುತ್ತ ಕೇರುತ್ತಲೇ ಮನಸ್ಸಿನೊಳಗಿನದೆಲ್ಲ ಹೊರಗೆ ಬರುತ್ತಿತ್ತು.

ಅಂದು ಫಕೀರವ್ವ ಮಾತ್ರ ಹೊಸ್ತಿಲಾಚೆಯೇ ನಿಂತಳು. ಐವತ್ತೈದರ ಹೆಂಗಸು. ಮುಟ್ಟು ನಿಂತು ಐದು ವರ್ಷವಾದ ಮೇಲೆ, ಈಗ ಮೂರು ತಿಂಗಳಿಂದ ಮತ್ತೆ ರಕ್ತ ಕಾಣಿಸುತ್ತಿತ್ತು. ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಗೆಳತಿಯರು “ಮತ್ತ ಹರೇ ಬಂತೇನ?” ಎಂದು ನಕ್ಕಿದ್ದರು. ಅವಳೂ ನಕ್ಕು, ಮನೆಗೆ ಬಂದು ಅತ್ತಿದ್ದಳು. ಗಂಡನೆದುರು ಬಾಯಿ ಬಿಡಲು ನಾಚಿಕೆ. ತಿರುಗಿ ಮುಟ್ಟಾದೆನೆಂದೇ ತಿಳಿದು ದೇವರ ಜಗಲಿಯಿಂದ ದೂರ ಉಳಿದಳು, ಸೋಮವಾರದ ಉಪವಾಸ ಹಿಡಿದಳು. ಮೊದಲೇ ರಕ್ತ ಹೋಗಿ ಸೊರಗಿದ ಮೈ ಉಪವಾಸದಿಂದ ಇನ್ನಷ್ಟು ಇಳಿಯಿತು.

“ಯಾಕವ್ವ, ಹೊರಗ ನಿಂತಿ?” ಎಂದರು ತಾಯಿಯವರು.

“ಒಳಗ ಬರೂ ಹಂಗಿಲ್ರಿ ಯವ್ವಾ, ಮೂರು ತಿಂಗಳಾತು. ಒಂಚೂರು ವಿಭೂತಿ ಕೊಡ್ರಿ, ನಿಂತೀತು.”

ತಾಯಿಯವರು ಎದ್ದು ಬಂದು ಅವಳ ಕೈ ಹಿಡಿದು ಒಳಗೆ ಕರೆದುಕೊಂಡರು. ಬೇಡಿದವರಿಗೆಲ್ಲ ವಿಭೂತಿ ಕೊಡುತ್ತಿದ್ದವರು ಅಂದು ಕೊಡಲಿಲ್ಲ.

“ಇದು ಮೈಲಿಗಿ ಅಲ್ಲವ್ವ, ಬ್ಯಾನಿ. ನಡಿ ದವಾಖಾನಿಗೆ.”

ತಾಯಿಯೇ ವಿಭೂತಿ ಕೊಡದಿದ್ದರೆ ತನ್ನ ಕಥೆ ಮುಗಿದಂತೆಯೇ ಎಂದುಕೊಂಡಳು ಫಕೀರವ್ವ. ಆದರೂ ತಾಯಿಯವರ ಬೆನ್ನಿಗೆ ಹತ್ತು ಗಂಟೆಯ ಬಸ್ಸು ಹತ್ತಿದಳು.

ತಾಲೂಕಿನ ದವಾಖಾನೆಯಲ್ಲಿ ಡಾಕ್ಟರಮ್ಮ ಏನು ತ್ರಾಸೆಂದು ಕೇಳಿದಾಗ ಅವಳು “ಸೊಂಟ ನೋವ್ರಿ” ಎಂದಳು. ಊರ ಹೆಂಗಸರೆಲ್ಲ ಹೇಳುತ್ತಿದ್ದುದು ಅದನ್ನೇ. ನಾಲ್ಕು ಗುಳಿಗೆ ತಂದು, ನಿಜವಾದ ಬೇನೆಯನ್ನು ಮೈಯಲ್ಲೇ ಇಟ್ಟುಕೊಂಡು ಮರಳುತ್ತಿದ್ದರು. ತಾಯಿಯವರು ಬಿಡಲಿಲ್ಲ. “ಮುಟ್ಟು ನಿಂತಾಕಿಗೆ ಮೂರು ತಿಂಗಳಿಂದ ರಕ್ತ ಹೋಗಾಕತ್ತೈತ್ರಿ” ಎಂದು ಸ್ಪಷ್ಟವಾಗಿ ನುಡಿದರು. ಡಾಕ್ಟರಮ್ಮ ಬರೆಯುತ್ತಿದ್ದ ಚೀಟಿಯನ್ನು ಅಲ್ಲಿಗೇ ನಿಲ್ಲಿಸಿದರು.

ಪರದೆಯ ಹಿಂದಿನ ಎತ್ತರದ ಮೇಜು ಕಂಡದ್ದೇ ಫಕೀರವ್ವ ಬಾಗಿಲು ಹಿಡಿದು ನಿಂತುಬಿಟ್ಟಳು. “ಸತ್ರೂ ಒಲ್ಲೆ!” ಡಾಕ್ಟರಮ್ಮ ಗದರಿದರು, ರಮಿಸಿದರು. ಅವಳು ಜಗ್ಗಲಿಲ್ಲ.

ಆಗ ತಾಯಿಯವರು, ಮೂರೂರ ಜನ ಪಾದಕ್ಕೆರಗುತ್ತಿದ್ದ ಆ ಕಾವಿಯುಟ್ಟ ಹಿರಿಯ ಜೀವ, ತಾವೇ ಮೇಜು ಹತ್ತಿ ಮಲಗಿದರು.

“ಮೊದಲ ನನ್ನ ನೋಡ್ರಿ. ನಂದೂ ಹೆಣ್ಣಿನ ಮೈನ ಐತಿ.”

ಫಕೀರವ್ವ ಬೆಪ್ಪಾಗಿ ನೋಡಿದಳು. ಮೂರು ತಿಂಗಳು ಅವಳನ್ನು ಒಳಗೊಳಗೇ ತಿಂದ ನಾಚಿಕೆ ಅಲ್ಲಿ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ತಾಯಿಯವರು ಇಳಿದ ಮೇಲೆ ಅವಳು ಹತ್ತಿದಳು.

ಡಾಕ್ಟರಮ್ಮ ಕಳಿಸಿದ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ಫಕೀರವ್ವನ ಗರ್ಭಕೋಶ ತೆಗೆದರು. ಒಳಗೆ ಕೆಟ್ಟ ಗಡ್ಡೆಯಿತ್ತು, ಇನ್ನೂ ಹಬ್ಬಿರಲಿಲ್ಲ. ಒಂದು ವರ್ಷ ತಡವಾಗಿದ್ದರೆ ಕೈಮೀರುತ್ತಿತ್ತೆಂದರು ಅಲ್ಲಿಯ ವೈದ್ಯರು. ಫಕೀರವ್ವ ಬದುಕಿದಳು, ಮೊಮ್ಮಕ್ಕಳನ್ನು ಆಡಿಸಿದಳು.

ತಾಯಿಯವರು ಲಿಂಗೈಕ್ಯರಾಗಿ ಎಷ್ಟೋ ವರ್ಷಗಳ ಮೇಲಿನ ಮಾತು. ಬಿಳಿಸೆರಗು ಹೋಗಿ ಹೋಗಿ ನವೆದು ನಿತ್ರಾಣಳಾಗಿದ್ದ ಪಕ್ಕದ ಮನೆಯ ಎಳೆಯ ಸೊಸೆ ದ್ಯಾಮಕ್ಕನನ್ನು ಫಕೀರವ್ವ ಅದೇ ದವಾಖಾನೆಗೆ ಕರೆತಂದಳು. ಹುಡುಗಿ ಪರದೆಯ ಬಳಿಯೇ ನಿಂತುಬಿಟ್ಟಾಗ, ಎಪ್ಪತ್ತರ ಮುದುಕಿ ಮಂಡಿ ಹಿಡಿದುಕೊಂಡು ಮೇಜು ಹತ್ತಿದಳು.

“ಮೊದಲ ನನ್ನ ನೋಡ್ರಿ.”

ಡಾಕ್ಟರಮ್ಮನಿಗೂ ಈಗ ತಲೆ ನರೆತಿತ್ತು. “ಯವ್ವಾ, ನಿನ್ನ ಗರ್ಭಕೋಶ ತಗದು ಹದಿನೈದು ವರ್ಷಾತು. ಏನಂತ ನೋಡ್ಲಿ?” ಎಂದು ನಕ್ಕರು.

“ಸುಮ್ನ ನೋಡ್ರಿ ಡಾಕ್ಟರ್ ಬಾಯಾರ,” ಎಂದಳು ಫಕೀರವ್ವ ಮೆಲ್ಲಗೆ. “ಆಕಿ ಹೆದರ್ಯಾಳ.”