ಕಾಡುಗೇರಿನ ಗುರುತು

ಛತ್ರದ ಪಾರುಪತ್ಯಗಾರ ವೆಂಕಪ್ಪಯ್ಯನವರ ಕೊರಳ ಸುತ್ತ ಗುಳ್ಳೆ ಎದ್ದು, ತುರಿಕೆ ಬಿಡಲೇ ಇಲ್ಲ. ಅಗಸರ ಸಣ್ಣೀರಮ್ಮನನ್ನು ಕರೆಸಿ, ಯಾತ್ರಿಕರೆಲ್ಲರ ಎದುರು ಕೂಗಾಡಿದರು: "ನೀನು ಬಟ್ಟೆಗೆ ಹಾಕುವ ಕಾಡುಗೇರಿನ ರಸದ ಗುರುತು ನನ್ನ ಮೈ ಸುಟ್ಟಿದೆ. ಮದ್ದು ಕೊಡುವ ಪಂಡಿತರೇ ಹೇಳಿದರು. ಇವತ್ತೇ ಊರು ಬಿಡು!"

ಸಣ್ಣೀರಮ್ಮನಿಗೆ ರೋಷ ಉಕ್ಕಿತು. ಆದರೂ ದನಿ ಏರಿಸಲಿಲ್ಲ.

"ಪಂಡಿತರು ಸರಿಯಾಗೇ ಹೇಳಿದ್ದಾರೆ ಬುದ್ಧೀ. ಗೇರಿನ ರಸ ಕೆಲವರ ಮೈಗೆ ಆಗದು. ಆದರೆ ನಿಮ್ಮ ಮನೆ ಬಟ್ಟೆಗೆ ನಾನು ಹಾಕುವುದು ದಾರದ ಗುರುತು. ಗೇರಿನದು ಬಡ ಯಾತ್ರಿಕರಿಗೆಂದು ದಾನ ಬಂದ ಹೊದಿಕೆಗಳಿಗೆ ಮಾತ್ರ. ಅದು ನಿಮ್ಮ ಕೊರಳಿಗೆ ಹೇಗೆ ಬಂತು?"

ತುರಿಸುತ್ತಿದ್ದ ಕೈ ಅಲ್ಲೇ ನಿಂತಿತು. ಚಳಿಗೆ ನಡುಗುತ್ತಿದ್ದ ಮುದುಕನೊಬ್ಬ ಕೇಳಿದ: "ಹೊದಿಕೆ ಇಲ್ಲ ಅಂದಿರಲ್ಲ ಸ್ವಾಮೀ?"

"ತುರಿಕೆ ಈಗ ಕಡಿಮೆಯಾಗಿದೆ, ನೀನು ಹೋಗಮ್ಮ," ಎಂದರು ವೆಂಕಪ್ಪಯ್ಯ.

"ಹೊದಿಕೆಗಳನ್ನು ಹೊರಗೆ ಹಾಕಿ ಬುದ್ಧೀ. ಅವು ನಿಮ್ಮ ಮನೆಯಲ್ಲಿರುವ ತನಕ ಈ ರೋಗ ವಾಸಿಯಾಗುವುದಿಲ್ಲ!"